ಮೇರಿ ಮಾತೆಯ ತಲೆಯ ಮೇಲೆ ಮೊಟ್ಟೆ ಯಾಕೆ ತೂಗುತ್ತಿದೆ? ಪಿಯೆರೊನ ಬ್ರೆರಾ ಚಿತ್ರದ ಬಗ್ಗೆ ಚರ್ಚೆ

ಬಣ್ಣದಬುಟ್ಟಿ:

ಈ ಗುಂಪಿನಲ್ಲಿ ಲಿಯೊನಾರ್ಡೊ, ಮೈಕೆಲೇಂಜೆಲೊ ಬಗ್ಗೆ ಬೇಕಾದಷ್ಟು ಮಾತಾಗಿದೆ. 15ನೇ ಶತಮಾನದ ಇಟಲಿಯ ಚಿತ್ರಕಾರ ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾನ ಹೆಸರು ಮಾತ್ರ ಬರುವುದೇ ಅಪರೂಪ. ಅವನ ಒಂದು ಚಿತ್ರವನ್ನು ಇವತ್ತು ಚರ್ಚೆಗೆ ಇಡುತ್ತಿದ್ದೇನೆ. ಮಿಲಾನ್‌ನ ಬ್ರೆರಾ ಗ್ಯಾಲರಿಯಲ್ಲಿರುವ ಮೇರಿ ಮಾತೆಯ ಚಿತ್ರ ಅದು. ಮರದ ಹಲಗೆಯ ಮೇಲೆ ಬರೆದದ್ದು, ಸುಮಾರು ಎರಡೂವರೆ ಮೀಟರ್ ಎತ್ತರ. ಕಾಲ 1472ರಿಂದ 1474 ಅಂತ ಹೆಚ್ಚಿನವರು ಹೇಳುತ್ತಾರೆ.

ನೋಡದವರಿಗಾಗಿ ಸ್ವಲ್ಪ ವಿವರ. ಒಂದು ದೊಡ್ಡ ಇಗರ್ಜಿಯ ಒಳಗೆ ಮೇರಿ ಕುಳಿತಿದ್ದಾಳೆ. ಕೈ ಜೋಡಿಸಿದ್ದಾಳೆ. ಬಾಲ ಯೇಸು ಅವಳ ತೊಡೆಯ ಮೇಲೆ ಅಡ್ಡಲಾಗಿ ಮಲಗಿ ನಿದ್ದೆ ಮಾಡುತ್ತಿದ್ದಾನೆ. ಹಿಂದೆ ನಾಲ್ವರು ದೇವದೂತರು. ಎಡಕ್ಕೆ ಮೂವರು ಸಂತರು, ಬಲಕ್ಕೆ ಮೂವರು. ಮುಂದೆ ಬಲಗಡೆ ಉಕ್ಕಿನ ಕವಚ ತೊಟ್ಟು ಮಂಡಿಯೂರಿದವನು ಇಟಲಿಯ ಉರ್ಬಿನೊ ಊರಿನ ದೊರೆ ಫೆಡೆರಿಕೊ ದ ಮೊಂಟೆಫೆಲ್ಟ್ರೊ. ಚಿತ್ರ ಬರೆಸಿದವನು ಅವನೇ. ಇವರೆಲ್ಲರ ಹಿಂದೆ, ಮೇಲುಗಡೆ, ಅರ್ಧ ಗುಮ್ಮಟದ ಒಳಗೆ ದೊಡ್ಡದೊಂದು ಚಿಪ್ಪಿನ ಆಕಾರ. ಆ ಚಿಪ್ಪಿನ ತುದಿಯಿಂದ ಸಣ್ಣ ಸರಪಳಿಯಲ್ಲಿ ಒಂದು ಮೊಟ್ಟೆ ತೂಗುತ್ತಿದೆ. ಸರಿಯಾಗಿ ಮೇರಿಯ ತಲೆಯ ನೇರಕ್ಕೆ.

ಈ ಮೊಟ್ಟೆಯ ಬಗ್ಗೆ ಕಲಾ ಇತಿಹಾಸದವರು ದಶಕಗಳಿಂದ ವಾದ ಮಾಡುತ್ತಿದ್ದಾರೆ. ಕನ್ಯೆಗೆ ಮಗು ಹುಟ್ಟಿದ್ದರ ಗುರುತು ಅಂತ ಕೆಲವರು. ಪುನರುತ್ಥಾನ, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದು ಅಂತ ಕೆಲವರು. ಸೃಷ್ಟಿಯ ಮೂಲ ಅಂತ ಇನ್ನು ಕೆಲವರು. ಮೊಟ್ಟೆಯೇ ಅಲ್ಲ, ಚಿಪ್ಪಿನೊಳಗಿನ ಮುತ್ತು ಅನ್ನುವವರೂ ಇದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಮೊಟ್ಟೆಯ ಅರ್ಥ ಹುಡುಕುವ ಮೊದಲು ಅದು ಎಲ್ಲಿ ತೂಗುತ್ತಿದೆ ಅಂತ ಕಂಡುಕೊಳ್ಳಬೇಕು. ಪಿಯೆರೊ ಪರ್ಸ್‌ಪೆಕ್ಟಿವ್ ಬಗ್ಗೆ, ಅಂದರೆ ದೂರ ಹತ್ತಿರವನ್ನು ಅಳತೆ ಹಾಕಿ ಚಿತ್ರದಲ್ಲಿ ತೋರಿಸುವ ವಿಧಾನದ ಬಗ್ಗೆ, ಒಂದು ಗ್ರಂಥವನ್ನೇ ಬರೆದ ಮನುಷ್ಯ. ಅವನ ಚಿತ್ರದಲ್ಲಿ ಅಳತೆ ಬಿಟ್ಟು ಸಂಕೇತ ಓದಲು ಹೋದರೆ ಅರ್ಧ ಮಾತ್ರ ಸಿಗುತ್ತದೆ. ನಿಮಗೆ ಏನನ್ನಿಸುತ್ತದೆ?

ಹೊಸಓದುಗ:

ಅಕ್ಕಾ, ಚಿತ್ರ ಈಗಷ್ಟೇ ನೋಡಿದೆ. ಮೊಟ್ಟೆ ಮೇರಿಯ ತಲೆಯ ಮೇಲೇ ಇದೆ ಅಲ್ವಾ? ಇದರಲ್ಲಿ ಕಂಡುಕೊಳ್ಳುವುದು ಏನಿದೆ?

ಲೆಕ್ಕದಮೇಷ್ಟ್ರು:

ಹಾಗೆ ಕಾಣುತ್ತದೆ, ಆದರೆ ಹಾಗೆ ಇಲ್ಲ. ಚಿತ್ರದ ಎಡ ಬಲ ಅಂಚುಗಳನ್ನು ನೋಡಿ. ಸಂತರ ತಲೆಗಿಂತ ಮೇಲೆ, ಗೋಡೆಯ ಉದ್ದಕ್ಕೂ ಒಂದು ಕೆತ್ತನೆಯ ಪಟ್ಟಿ ಹರಿಯುತ್ತದೆ. ಅಂಚಿನ ಹತ್ತಿರ ಬಂದಾಗ ಅದು ಪಕ್ಕಕ್ಕೆ ತಿರುಗುತ್ತದೆ. ಅಂದರೆ ಆ ಕಡೆ ಈ ಕಡೆ, ಶಿಲುಬೆಯ ಆಕಾರದ ಇಗರ್ಜಿಯ ಅಡ್ಡ ತೋಳುಗಳು ಶುರುವಾಗುತ್ತವೆ. ಸಂತರು ನಿಂತಿರುವುದು ಆ ತೋಳುಗಳು ಕೂಡುವ ಜಾಗದಲ್ಲಿ. ಅವರ ಹಿಂದೆ ಕಮಾನು ಚಾವಣಿಯ ಒಂದು ಉದ್ದನೆಯ ಭಾಗ. ಅದರ ಚೌಕ ಚೌಕ ಗುಳಿಗಳಲ್ಲಿ ಹೂವಿನ ಕೆತ್ತನೆ ಇದೆ. ಅದೂ ಮುಗಿದ ಮೇಲೆ ಅರ್ಧ ಗುಮ್ಮಟ. ಮೊಟ್ಟೆ ಇರುವುದು ಅಲ್ಲಿ.

ಅಂದರೆ ಮೇರಿಗೂ ಮೊಟ್ಟೆಗೂ ನಡುವೆ ಹಲವು ಮೀಟರ್ ಅಂತರ ಇದೆ. ಕಣ್ಣಿಗೆ ಮಾತ್ರ ಒಂದರ ಮೇಲೊಂದು.

ಒಂದು ತೊಡಕೂ ಇದೆ. ಹಲಗೆಯ ಅಂಚುಗಳನ್ನು ನಂತರದ ಕಾಲದಲ್ಲಿ ಕತ್ತರಿಸಿದ್ದಾರೆ. ಮೊದಲಿಗೆ ಪಕ್ಕದ ತೋಳುಗಳು ಇನ್ನೂ ಸ್ವಲ್ಪ ಜಾಸ್ತಿ ಕಾಣುತ್ತಿದ್ದವು. ಈಗ ಒಂಚೂರು ಅಂಚು ಮಾತ್ರ ಉಳಿದಿದೆ. ಅದಕ್ಕೇ ಸಂತರೆಲ್ಲ ಗುಮ್ಮಟದ ಗೋಡೆಗೆ ಒರಗಿ ನಿಂತ ಹಾಗೆ ನಮಗೆ ಕಾಣುವುದು.

ಈಗ ಲೆಕ್ಕಕ್ಕೆ ಬನ್ನಿ. ಪರ್ಸ್‌ಪೆಕ್ಟಿವ್‌ನಲ್ಲಿ ಎರಡರಷ್ಟು ದೂರ ಹೋದ ವಸ್ತು ಅರ್ಧ ಗಾತ್ರದಲ್ಲಿ ಕಾಣುತ್ತದೆ. ಮೊಟ್ಟೆ ಮೇರಿಯ ನೆತ್ತಿಯ ಮೇಲೇ ಇದ್ದರೆ ಅದು ಸಣ್ಣ ಮೊಟ್ಟೆ. ದೂರದ ಗುಮ್ಮಟದಲ್ಲಿದ್ದರೆ ಅದೇ ಆಕಾರ ದೊಡ್ಡ ಮೊಟ್ಟೆಯಾಗುತ್ತದೆ. ಉಷ್ಟ್ರಪಕ್ಷಿಯ ಮೊಟ್ಟೆ ಸುಮಾರು 15 ಸೆಂಟಿಮೀಟರ್ ಉದ್ದ ಇರುತ್ತದೆ. ಕಲಾ ಇತಿಹಾಸಕಾರ ಮಿಲರ್ಡ್ ಮೀಸ್ 1950ರ ದಶಕದಲ್ಲಿ ಇದು ಉಷ್ಟ್ರಪಕ್ಷಿಯ ಮೊಟ್ಟೆ ಅಂತ ಬರೆದರು. ಆಮೇಲೆ ಅಳತೆ ಹಾಕಿಯೂ ಅದನ್ನು ಸಮರ್ಥಿಸಿದರು. ಆಕಾರ ಕೋಳಿಮೊಟ್ಟೆಯ ಹಾಗಿದೆ, ಒಂದು ತುದಿ ಚೂಪಾಗಿದೆ ಅಂತ ಒಪ್ಪದವರೂ ಇದ್ದಾರೆ.

ಬಣ್ಣದಬುಟ್ಟಿ ಅವರು ಹೇಳಿದ್ದು ಸರಿ. ಯಾವ ಹಕ್ಕಿಯ ಮೊಟ್ಟೆ ಅನ್ನುವುದೇ ಅಳತೆಯ ಮೇಲೆ ನಿಂತಿರುವಾಗ, ಅರ್ಥವೂ ಅಳತೆಯ ಮೇಲೇ ನಿಂತ ಹಾಗಾಯಿತು.

ಕರಾವಳಿಯವಳು:

ಉಷ್ಟ್ರಪಕ್ಷಿ ಅಂದಾಗ ಬೈಬಲ್ ನೆನಪಾಗುತ್ತದೆ. ಯೋಬನ ಗ್ರಂಥದ 39ನೇ ಅಧ್ಯಾಯದಲ್ಲಿ ಬರುತ್ತದೆ, ಈ ಹಕ್ಕಿ ಮೊಟ್ಟೆಗಳನ್ನು ನೆಲದ ಮೇಲೆ ಬಿಟ್ಟು ಮರೆತುಬಿಡುತ್ತದೆ ಅಂತ. ಮಧ್ಯಯುಗದ ಯುರೋಪಿನಲ್ಲಿ ಇದಕ್ಕೆ ಎರಡು ಬಗೆಯ ವ್ಯಾಖ್ಯಾನ ಬೆಳೆಯಿತು.

ಒಂದು, ತಾಯಿ ಕಾವು ಕೊಡುವುದಿಲ್ಲ, ಸೂರ್ಯನ ಬಿಸಿಲಿಗೇ ಮೊಟ್ಟೆ ಒಡೆದು ಮರಿ ಬರುತ್ತದೆ. ಹಾಗಾಗಿ ದೇವರ ಬೆಳಕಿನಿಂದ ಮೇರಿಗೆ ಮಗು ಹುಟ್ಟಿದ್ದಕ್ಕೆ ಅದು ಸಾಕ್ಷಿ. ಇನ್ನೊಂದು ನನಗೆ ಇನ್ನೂ ಇಷ್ಟ. 13ನೇ ಶತಮಾನದ ಬಿಷಪ್ ಗಿಯೋಮ್ ದುರಾಂದ್ ಇಗರ್ಜಿಗಳಲ್ಲಿ ಉಷ್ಟ್ರಪಕ್ಷಿ ಮೊಟ್ಟೆ ತೂಗುಹಾಕುವ ಪದ್ಧತಿಯ ಬಗ್ಗೆ ಬರೆದಿದ್ದಾನೆ. ಮೊಟ್ಟೆಯನ್ನು ಮರೆತ ಹಕ್ಕಿ ಆಕಾಶದಲ್ಲಿ ಒಂದು ನಕ್ಷತ್ರ ಕಂಡಾಗ ನೆನಪು ಮಾಡಿಕೊಂಡು ವಾಪಸ್ ಬರುತ್ತದಂತೆ. ದೇವರನ್ನು ಮರೆತ ಮನುಷ್ಯನೂ ಹಾಗೆ ತಿರುಗಿ ಬರಲಿ ಅಂತ ಮೊಟ್ಟೆ ತೂಗುಹಾಕುತ್ತಾರೆ ಅನ್ನುವುದು ಅವನ ವಿವರಣೆ.

ಅಂದರೆ ಪಿಯೆರೊ ಮೊಟ್ಟೆಯನ್ನು ತಲೆಯಿಂದ ಹುಟ್ಟಿಸಲಿಲ್ಲ. ನಿಜವಾದ ಇಗರ್ಜಿಗಳಲ್ಲಿ ನಿಜವಾದ ಮೊಟ್ಟೆಗಳು ತೂಗುತ್ತಿದ್ದವು. ಈಜಿಪ್ಟಿನ ಕೋಪ್ಟಿಕ್ ಇಗರ್ಜಿಗಳಲ್ಲಿ ಈಗಲೂ ತೂಗುತ್ತವೆ. ಆ ಕಾಲದ ಜನರಿಗೆ ಇದು ಒಗಟಾಗಿ ಕಂಡಿರಲಿಕ್ಕಿಲ್ಲ.

ಧಾರವಾಡದಂವ:

ಏನ್ರೀ, ಎಲ್ಲಾರೂ ದೇವರ ಕಡೆಗೇ ಹೊರಟಿರಿ. ದುಡ್ಡು ಕೊಟ್ಟವನ ಕಡೆಗೂ ಸ್ವಲ್ಪ ನೋಡ್ರಿ. ಮೊಂಟೆಫೆಲ್ಟ್ರೊ ಮನೆತನದ ಲಾಂಛನಗಳಲ್ಲಿ ಒಂದು ಉಷ್ಟ್ರಪಕ್ಷಿಯೇ. ಕೊಕ್ಕಿನಲ್ಲಿ ಕಬ್ಬಿಣದ ಚೂರು ಹಿಡಿದು ನಿಂತಿರುತ್ತದೆ. ಈ ಹಕ್ಕಿ ಕಬ್ಬಿಣವನ್ನೂ ಅರಗಿಸಿಕೊಳ್ಳುತ್ತದೆ ಅಂತ ಆಗಿನ ನಂಬಿಕೆ. ಕೂಲಿ ಸೇನೆ ಕಟ್ಟಿಕೊಂಡು ಯುದ್ಧ ಮಾಡಿಯೇ ಶ್ರೀಮಂತನಾದ ದೊರೆಗೆ ಒಪ್ಪುವ ಚಿಹ್ನೆ.

ಮನೆತನದ ಹಕ್ಕಿಯ ಮೊಟ್ಟೆ ಮೇರಿಯ ಮೇಲುಗಡೆ ತೂಗಿದರೆ, ಈ ಇಗರ್ಜಿ ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ. ನನಗೆ ಇದೇ ಮುಖ್ಯ ಅರ್ಥ.

ಬಣ್ಣದಬುಟ್ಟಿ:

ಇದೇ ಮುಖ್ಯ ಅನ್ನುವುದನ್ನು ನಾನು ಒಪ್ಪುವುದಿಲ್ಲ ರೀ. ಆದರೆ ಇದೂ ಇದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆ ಕಾಲದ ನೋಡುಗರಿಗೆ ಎರಡೂ ಒಟ್ಟಿಗೇ ಕಾಣುತ್ತಿದ್ದವು. ದೊರೆಯ ಭಕ್ತಿ, ದೊರೆಯ ವಂಶ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಹಾಕುವ ಅಭ್ಯಾಸ ನಮ್ಮದು.

ವಂಶ ಅಂದದ್ದಕ್ಕೆ 1472ನೇ ಇಸವಿಯ ಬಗ್ಗೆ ಹೇಳಲೇಬೇಕು. ಆ ಜನವರಿಯಲ್ಲಿ ಫೆಡೆರಿಕೊಗೆ ಗಂಡು ಮಗು ಹುಟ್ಟಿತು, ಹೆಸರು ಗ್ವಿಡೊಬಾಲ್ಡೊ. ಸಾಲಾಗಿ ಹೆಣ್ಣುಮಕ್ಕಳಾದ ಮೇಲೆ ಬಂದ ವಾರಸುದಾರ. ಜೂನ್‌ನಲ್ಲಿ ಫೆಡೆರಿಕೊ ಫ್ಲಾರೆನ್ಸ್ ಪರವಾಗಿ ವೋಲ್ಟೆರಾ ಊರನ್ನು ಗೆದ್ದ. ಜುಲೈಯಲ್ಲಿ ಹೆಂಡತಿ ಬತಿಸ್ತಾ ಸ್ಫೋರ್ಜಾ ತೀರಿಕೊಂಡಳು. ಅವಳಿಗೆ ಇನ್ನೂ ಇಪ್ಪತ್ತಾರು. ಒಂದೇ ವರ್ಷದೊಳಗೆ ಇಷ್ಟೆಲ್ಲ.

ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡು ಚಿತ್ರದ ಎಡ ಕೆಳಭಾಗ ನೋಡಿ. ಬಲಕ್ಕೆ ಫೆಡೆರಿಕೊ ಮಂಡಿಯೂರಿದ್ದಾನೆ. ಎಡಕ್ಕೆ, ಅವನ ಎದುರಿಗೆ, ಯಾರೂ ಇಲ್ಲ. ಬರೀ ನೆಲ. ಗಂಡ ಹೆಂಡತಿ ಸೇರಿ ಚಿತ್ರ ಬರೆಸಿದಾಗ ಆ ಕಡೆ ಒಬ್ಬರು ಈ ಕಡೆ ಒಬ್ಬರು ಮಂಡಿಯೂರುವುದು ವಾಡಿಕೆ. ಆ ಖಾಲಿ ಜಾಗದ ಹಿಂದೆ ನಿಂತಿರುವವನು ಸ್ನಾನಿಕ ಯೋಹಾನ. ಬತಿಸ್ತಾ ಅನ್ನುವ ಹೆಸರು ಬಂದಿರುವುದೇ ಆ ಸಂತನಿಂದ. ಅವಳ ಹೆಸರಿನ ಸಂತ ಬಂದು ನಿಂತಿದ್ದಾನೆ, ಅವಳು ಇಲ್ಲ.

ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಜಾಗ ಅದು. ಅಲ್ಲಿ ಏನೂ ಬರೆದಿಲ್ಲ.

ಧಾರವಾಡದಂವ:

ಅಲ್ಲಿ ನನಗೆ ಸ್ವಲ್ಪ ಅನುಮಾನ. ಒಬ್ಬನೇ ಬರೆಸಿದ ಚಿತ್ರಗಳಲ್ಲಿ ಒಬ್ಬನೇ ಮಂಡಿಯೂರಿರುವುದೂ ಮಾಮೂಲು. ಆಗ ಎದುರುಗಡೆ ಖಾಲಿ ಇದ್ದೇ ಇರುತ್ತದೆ. ಬತಿಸ್ತಾ ಸತ್ತ ಕಥೆ ನಮಗೆ ಗೊತ್ತಿರುವುದರಿಂದ ಆ ಖಾಲಿಯಲ್ಲಿ ಅವಳನ್ನು ನಾವೇ ಕಾಣುತ್ತಿದ್ದೇವೆ ಅನಿಸುತ್ತದೆ.

ಕರಾವಳಿಯವಳು:

ಒಬ್ಬನೇ ಇರುವ ಚಿತ್ರಗಳು ಉಂಟು, ನಿಜ. ಆದರೆ ಇಲ್ಲಿ ಉಳಿದ ಎಲ್ಲವೂ ಜೋಡಿ ಜೋಡಿ. ಎಡಕ್ಕೆ ಮೂರು ಸಂತರು, ಬಲಕ್ಕೆ ಮೂರು. ಆ ಕಡೆ ಇಬ್ಬರು ದೇವದೂತರು, ಈ ಕಡೆ ಇಬ್ಬರು. ಗೋಡೆಯ ಬಣ್ಣದ ಕಲ್ಲುಗಳು ಕೂಡ ಎರಡೂ ಕಡೆ ಸಮ. ಇಷ್ಟು ಅಳೆದು ತೂಗಿ ಕಟ್ಟಿದ ಚಿತ್ರದಲ್ಲಿ ಒಂದೇ ಒಂದು ಕಡೆ ತಕ್ಕಡಿ ಏರುಪೇರಾದರೆ ಅದು ಸುಮ್ನೆ ಆಗಿದ್ದಲ್ಲ. ನಾನು ಬಣ್ಣದಬುಟ್ಟಿ ಅಕ್ಕನ ಪರ.

ಸಂತರನ್ನು ಗುರುತಿಸುವುದು ನನಗೆ ಸಲೀಸು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿ ನೋಡಿಕೊಂಡೇ ಬೆಳೆದವಳು ನಾನು. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರ ನಂತರ ಬರೆದ ಚಿತ್ರಗಳು ಅವು. ಕೈಯಲ್ಲಿ ಏನಿದೆ, ಮೈಮೇಲೆ ಯಾವ ಗಾಯ ಇದೆ ಅಂತ ನೋಡಿ ಹೆಸರು ಹೇಳುವುದನ್ನು ಅಲ್ಲೇ ಕಲಿತೆ.

ಇಲ್ಲಿ ಎಡಕ್ಕೆ ಯೋಹಾನ, ಬಾಲ ಯೇಸುವಿನ ಕಡೆ ಕೈ ತೋರಿಸುತ್ತಿದ್ದಾನೆ. ಅವನ ಪಕ್ಕದಲ್ಲಿ ಸಿಯೆನಾದ ಬರ್ನಾರ್ಡಿನೊ. 1444ರಲ್ಲಿ ತೀರಿಕೊಂಡು 1450ರಲ್ಲೇ ಸಂತನಾದವನು. ಪಿಯೆರೊ ಕಾಲದವರಿಗೆ ಅವನು ಅಪ್ಪ ಅಜ್ಜ ಕಣ್ಣಾರೆ ಕಂಡ ಮನುಷ್ಯ. ಆಮೇಲೆ ಜೆರೋಮ್, ಕೈಯಲ್ಲಿ ಕಲ್ಲು, ಎದೆ ಬಡಿದುಕೊಂಡು ಪಶ್ಚಾತ್ತಾಪ ಪಡಲು. ಬಲಕ್ಕೆ ಫ್ರಾನ್ಸಿಸ್, ಬಟ್ಟೆಯ ಸೀಳಿನಿಂದ ಪಕ್ಕೆಯ ಗಾಯ ತೋರಿಸುತ್ತಿದ್ದಾನೆ. ಪಕ್ಕದಲ್ಲಿ ಹುತಾತ್ಮ ಪೀಟರ್, ತಲೆಯ ಮೇಲೆ ಕತ್ತಿಯ ಏಟು. ಕೊನೆಗೆ ಪುಸ್ತಕ ಹಿಡಿದ ಮುದುಕ. ಅವನು ಅಂದ್ರೇಯ ಅಂತ ಕೆಲವರು, ಸುವಾರ್ತೆಯ ಯೋಹಾನ ಅಂತ ಕೆಲವರು.

ಗಾಯಗಳನ್ನು ಗಮನಿಸಿ. ಪಕ್ಕೆ, ತಲೆ, ಬಡಿದುಕೊಂಡ ಎದೆ. ನಡುವೆ ಗಾಯವೇ ಇಲ್ಲದ ಮಗು ಮಲಗಿದೆ. ಮುಂದೆ ಅವನಿಗೆ ಆಗಲಿರುವುದು ಸುತ್ತಲಿನವರ ಮೈಮೇಲೆ ಆಗಲೇ ಇದೆ.

ಹೊಸಓದುಗ:

ಮಗು ಮಲಗಿರುವ ರೀತಿ ಒಂಥರಾ ಇದೆ ಅಲ್ವಾ? ಕೈ ಕಾಲು ಸಡಿಲ ಬಿಟ್ಟು, ಜಾರಿ ಬೀಳುವ ಹಾಗೆ. ಮೇರಿ ಹಿಡಿದುಕೊಂಡೂ ಇಲ್ಲ, ಎರಡೂ ಕೈ ಜೋಡಿಸಿದ್ದಾಳೆ. ಕೊರಳಲ್ಲಿ ಕೆಂಪಗೆ ಏನೋ ಇದೆ.

ಬಣ್ಣದಬುಟ್ಟಿ:

ಒಳ್ಳೆ ಕಣ್ಣು ನಿಮ್ಮದು. ಅದು ಹವಳದ ಸರ, ಜೊತೆಗೆ ಹವಳದ ಸಣ್ಣ ಕೊಂಬೆ ಪದಕದ ಹಾಗೆ. ಆಗ ಇಟಲಿಯಲ್ಲಿ ಮಕ್ಕಳಿಗೆ ಹವಳ ಕಟ್ಟುತ್ತಿದ್ದರು, ನಮ್ಮಲ್ಲಿ ದೃಷ್ಟಿ ಆಗದಿರಲಿ ಅಂತ ಕೆನ್ನೆಗೆ ಬೊಟ್ಟು ಇಡುವ ಹಾಗೆ. ಆದರೆ ಅದರ ಕೆಂಪು ಯೇಸುವಿನ ರಕ್ತವನ್ನೂ ನೆನಪಿಸುತ್ತದೆ. ಮಗುವನ್ನು ಕಾಯಲು ಕಟ್ಟಿದ್ದೇ ಮುಂದೆ ಅವನಿಗೆ ಏನಾಗುತ್ತದೆ ಅಂತ ಹೇಳುತ್ತಿದೆ.

ನಿದ್ದೆಯೂ ಹಾಗೇ. ಸತ್ತ ಮಗನನ್ನು ಮೇರಿ ತೊಡೆಯ ಮೇಲೆ ಹಾಕಿಕೊಂಡ ಚಿತ್ರಗಳನ್ನು ನೀವು ನೋಡಿರುತ್ತೀರಿ. ಇಲ್ಲಿ ಮಗು ಬಿದ್ದುಕೊಂಡಿರುವ ಭಂಗಿ ಅದೇ. ಅವಳು ಹಿಡಿದುಕೊಂಡಿಲ್ಲ ಅಂದಿರಲ್ಲ, ಅದು ಬಹಳ ಮುಖ್ಯ. ಅವಳು ಮಗುವನ್ನು ಆಡಿಸುತ್ತಿಲ್ಲ, ಪ್ರಾರ್ಥನೆ ಮಾಡುತ್ತಿದ್ದಾಳೆ. ಬಲಿಪೀಠದ ಮೇಲಿನ ಚಿತ್ರ ಇದು. ಕೆಳಗೆ ನಿಜವಾದ ಪೀಠದ ಮೇಲೆ ಪಾದ್ರಿ ಯೇಸುವಿನ ಮೈ ಅಂತ ನಂಬುವ ರೊಟ್ಟಿ ಎತ್ತುವಾಗ, ಹಿಂದೆ ಅದೇ ಸಾಲಿನಲ್ಲಿ ಈ ಮಲಗಿದ ಮೈ ಕಾಣುತ್ತದೆ.

ಈಗ ಎಲ್ಲವನ್ನೂ ನಡುಗೆರೆಯಲ್ಲಿ ಮೇಲಿನಿಂದ ಕೆಳಗೆ ಓದಿ. ಚಿಪ್ಪು, ಮೊಟ್ಟೆ, ಮೇರಿಯ ಮುಖ, ಜೋಡಿಸಿದ ಕೈ, ಮಗು.

ಲೆಕ್ಕದಮೇಷ್ಟ್ರು:

ಆ ಮುಖದ ಬಗ್ಗೆ ಒಂದು ಮಾತು ಸೇರಿಸಬೇಕು. ಚಾವಣಿಯ ಗುಳಿಗಳ ಗೆರೆ, ಗೋಡೆಯ ಪಟ್ಟಿಯ ಗೆರೆ, ಹಿಂದಕ್ಕೆ ಓಡುವ ಎಲ್ಲಾ ಗೆರೆಗಳನ್ನು ಸ್ಕೇಲ್ ಇಟ್ಟು ಎಳೆದುಕೊಂಡು ಹೋಗಿ. ಎಲ್ಲವೂ ಬಂದು ಸೇರುವುದು ಮೇರಿಯ ಮುಖದಲ್ಲಿ. ಅದೇ ನಮ್ಮ ಕಣ್ಣಿನ ಮಟ್ಟ. ನಿಂತಿರುವ ಸಂತರ, ದೇವದೂತರ ತಲೆಗಳೂ ಹೆಚ್ಚು ಕಡಿಮೆ ಅದೇ ಸಾಲಿನಲ್ಲಿವೆ.

ಇದರಿಂದ ಆಗಿದ್ದೇನು ಅಂದರೆ, ಮೇರಿ ಹಿಂದಿನ ಚಿತ್ರಗಳಲ್ಲಿ ಇದ್ದ ಹಾಗೆ ಸುತ್ತಲಿನವರಿಗಿಂತ ದೊಡ್ಡ ಆಕಾರದಲ್ಲಿ ಇಲ್ಲ. ಹಳೆಯ ಪದ್ಧತಿಯಲ್ಲಿ ಮುಖ್ಯರಾದವರನ್ನು ದೊಡ್ಡದಾಗಿ ಬರೆಯುತ್ತಿದ್ದರು, ದಾನಿಯನ್ನು ಇಲಿಮರಿಯಷ್ಟು ಮಾಡುತ್ತಿದ್ದರು. ಪಿಯೆರೊ ಎಲ್ಲರಿಗೂ ಮನುಷ್ಯರ ಅಳತೆಯನ್ನೇ ಕೊಟ್ಟ. ಫೆಡೆರಿಕೊ ಕೂಡ ಸಂತರಷ್ಟೇ ದೊಡ್ಡವನು. ಆದರೂ ಮೇರಿಯೇ ಮುಖ್ಯ ಅಂತ ಯಾರಿಗೂ ಅನುಮಾನ ಬರುವುದಿಲ್ಲ. ಯಾಕೆಂದರೆ ಕಟ್ಟಡದ ಗೆರೆಗಳೆಲ್ಲ ಅವಳ ಕಡೆಗೇ ಹೊರಟಿವೆ. ಗೌರವವನ್ನು ಗಾತ್ರದಿಂದ ಜಾಗಕ್ಕೆ ಬದಲಿಸಿದ್ದಾನೆ. ಲೆಕ್ಕ ಕಲಿಸಿದವನಾಗಿ ನನಗೆ ಇದಕ್ಕಿಂತ ಸೊಗಸಾದ ಭಕ್ತಿ ಬೇರೆ ಕಾಣುವುದಿಲ್ಲ.

ಮೊಟ್ಟೆ ಮೇರಿಯ ತಲೆಯ ಮೇಲಿದೆ ಅಂತ ಹೊಸಓದುಗರು ಮೊದಲು ಹೇಳಿದ್ದಕ್ಕೂ ಇದೇ ಕಾರಣ. ಪಿಯೆರೊಗೆ ಅದು ಹಾಗೆ ಕಾಣಬೇಕಿತ್ತು. ನಿಜವಾದ ಕಟ್ಟಡದಲ್ಲಿ ಮೊಟ್ಟೆ ದೂರದಲ್ಲಿದೆ. ನಾವು ಸರಿಯಾದ ಜಾಗದಲ್ಲಿ, ಮೇರಿಯ ಎದುರಿಗೆ ನಿಂತಾಗ ಮಾತ್ರ ಎರಡೂ ಒಂದೇ ಗೆರೆಗೆ ಬರುತ್ತವೆ. ಕಟ್ಟಡದ ಮಟ್ಟಿಗೆ ಅದು ಇಗರ್ಜಿಯ ಒಂದು ಅಲಂಕಾರ. ಪೀಠದ ಮುಂದೆ ನಿಂತವನಿಗೆ ಅದು ಮೇರಿಯ ಮಾತು.

ಧಾರವಾಡದಂವ:

ಮೇಷ್ಟ್ರೇ, ಇದು ಭಾಳ ಛಲೋ ಹೇಳಿದಿರಿ. ಹಾಗಾದರೆ ಮುತ್ತು ಅನ್ನುವವರ ವಾದ ಬಿದ್ದು ಹೋಯಿತಲ್ಲ?

ಲೆಕ್ಕದಮೇಷ್ಟ್ರು:

ನನ್ನ ಪ್ರಕಾರ ಹೌದು. ಚಿಪ್ಪು ಮೇರಿ, ಮುತ್ತು ಯೇಸು, ಆಕಾಶದ ಇಬ್ಬನಿಯಿಂದ ಮುತ್ತು ಹುಟ್ಟುತ್ತದೆ ಅನ್ನುವ ಹಳೆಯ ನಂಬಿಕೆ, ಎಲ್ಲಾ ಚೆನ್ನಾಗಿ ಕೂಡುತ್ತದೆ. ಆದರೆ ಆಕಾರ ನೋಡಿ, ದುಂಡಗಿಲ್ಲ. ದೂರದ ಲೆಕ್ಕ ಹಾಕಿದರೆ ಗಾತ್ರವೂ ಮುತ್ತಿಗೆ ಒಪ್ಪುವುದಿಲ್ಲ. ಕರಾವಳಿಯವಳು ಹೇಳಿದ ತೂಗುವ ಪದ್ಧತಿ ಮೊಟ್ಟೆಯದ್ದು.

ಹೊಸಓದುಗ:

ಫೆಡೆರಿಕೊ ಯಾಕೆ ಪಕ್ಕಕ್ಕೆ ಮುಖ ಮಾಡಿದ್ದಾನೆ? ಉಳಿದವರೆಲ್ಲ ನಮ್ಮ ಕಡೆ ಅರ್ಧವಾದರೂ ತಿರುಗಿದ್ದಾರೆ.

ಧಾರವಾಡದಂವ:

ಇದನ್ನು ನಾನು ಹೇಳುತ್ತೇನೆ. ಅವನ ಬಲಗಣ್ಣು ಒಂದು ಕುದುರೆ ಕಾಳಗದ ಆಟದಲ್ಲಿ ಹೋಗಿತ್ತು. ಮೂಗಿನ ಮೇಲ್ಭಾಗವೂ ಮುರಿದಿತ್ತು. ಅದಕ್ಕೇ ಯಾವ ಚಿತ್ರದಲ್ಲಿ ನೋಡಿದರೂ ಎಡಗಡೆಯ ಮುಖ. ಫ್ಲಾರೆನ್ಸ್‌ನ ಉಫಿಜಿ ಗ್ಯಾಲರಿಯಲ್ಲಿರುವ ಪಿಯೆರೊನದ್ದೇ ಜೋಡಿ ಚಿತ್ರದಲ್ಲೂ ಹಾಗೇ. ಅಲ್ಲಿ ಎದುರಿಗೆ ಬತಿಸ್ತಾ ಇದ್ದಾಳೆ, ಬಿಳಿಚಿದ ಮುಖ.

ಎಡಗಡೆಯ ಮುಖ ತೋರಿಸಬೇಕು, ಮೇರಿಯ ಕಡೆ ನೋಡಬೇಕು ಅಂದರೆ ಅವನು ಬಲಕ್ಕೇ ಇರಬೇಕು. ಮಾನದ ಜಾಗ ಮೇರಿಯ ಬಲಗೈ ಕಡೆ, ಅಂದರೆ ನಮಗೆ ಎಡಕ್ಕೆ. ಅದನ್ನು ಬಿಟ್ಟುಕೊಟ್ಟಿದ್ದಾನೆ. ಅಕ್ಕ ಹೇಳಿದ ಖಾಲಿ ಜಾಗಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ವಾದ ಇನ್ನೂ ಇದೆ.

ಇನ್ನೊಂದು. 1474ರಲ್ಲಿ ಪೋಪ್ ಅವನಿಗೆ ಡ್ಯೂಕ್ ಪದವಿ ಕೊಟ್ಟ. ಅದೇ ವರ್ಷ ಗಾರ್ಟರ್ ಅನ್ನುವ ಇಂಗ್ಲೆಂಡಿನ ವೀರ ಪದವಿಯ ಗೌರವವೂ ಬಂತು. ಈ ಚಿತ್ರದಲ್ಲಿ ಆ ಪಟ್ಟಿ, ಪದಕ ಯಾವುದೂ ಇಲ್ಲ. ಚಿತ್ರ ಅದಕ್ಕಿಂತ ಮೊದಲಿನದು ಅನ್ನಲು ಇದೇ ದೊಡ್ಡ ಆಧಾರ.

ಕರಾವಳಿಯವಳು:

ಅವನ ಕೈಗಳನ್ನು ದೊಡ್ಡದು ಮಾಡಿ ನೋಡಿ, ದಯವಿಟ್ಟು. ಉಂಗುರ, ಬೆರಳ ಗಂಟು, ಉಬ್ಬಿದ ನರ. ಪಿಯೆರೊನ ಉಳಿದ ಕೈಗಳು ನಯವಾಗಿ, ಕಲ್ಲಲ್ಲಿ ಕೆತ್ತಿದ ಹಾಗೆ ಇರುತ್ತವೆ. ಇವು ಬೇರೆಯೇ. ಉರ್ಬಿನೊ ಅರಮನೆಯಲ್ಲಿ ಕೆಲಸ ಮಾಡಿದ ಸ್ಪೇನ್‌ನ ಪೆದ್ರೊ ಬೆರುಗುಯೆತೆ ಈ ಕೈಗಳನ್ನು ಬರೆದ ಅಂತ ಹಲವರ ನಂಬಿಕೆ. ನೆಲದ ಮೇಲೆ ಬಿಚ್ಚಿಟ್ಟ ಶಿರಸ್ತ್ರಾಣ, ಕೈಗವಸು, ದಂಡನಾಯಕನ ಕೋಲು ಇವೆ. ಆಯುಧ ಬಿಚ್ಚಿದ ಮೇಲೆ ಉಳಿದದ್ದು ಆ ವಯಸ್ಸಾದ ಕೈ ಮಾತ್ರ.

ಹೊಸಓದುಗ:

ಇಷ್ಟೆಲ್ಲ ಕೇಳಿದ ಮೇಲೆ ನೋಡಲೇಬೇಕು ಅನಿಸುತ್ತಿದೆ. ನಮ್ಮಣ್ಣ ಇಟಲಿಯಲ್ಲೇ ಓದುತ್ತಿದ್ದಾನೆ. ಇದು ಮೊದಲಿನಿಂದ ಮಿಲಾನ್‌ನಲ್ಲೇ ಇತ್ತಾ?

ಬಣ್ಣದಬುಟ್ಟಿ:

ಇಲ್ಲ. ಉರ್ಬಿನೊ ಹೊರಗಿನ ಸಂತ ಬರ್ನಾರ್ಡಿನೊ ಇಗರ್ಜಿಯಲ್ಲಿತ್ತು. ಫೆಡೆರಿಕೊನ ಸಮಾಧಿ ಇರುವುದು ಅಲ್ಲಿ. ಆದರೆ ಆ ಇಗರ್ಜಿ ಕಟ್ಟಿದ್ದೇ 1482ರಲ್ಲಿ ಅವನು ತೀರಿಕೊಂಡ ಮೇಲೆ. ಚಿತ್ರ ಅದಕ್ಕಿಂತ ಹಳೆಯದು. ನೆಪೋಲಿಯನ್ ಕಾಲದಲ್ಲಿ ಮಠಗಳ ಆಸ್ತಿ ಕಿತ್ತುಕೊಂಡಾಗ, 1811ರಲ್ಲಿ ಬ್ರೆರಾಗೆ ಬಂತು. ಆಗ ಇದನ್ನು ಫ್ರಾ ಕಾರ್ನೆವಾಲೆ ಅನ್ನುವ ಬೇರೊಬ್ಬ ಚಿತ್ರಕಾರನದ್ದು ಅಂದುಕೊಂಡಿದ್ದರು.

ನಿಮ್ಮ ಅಣ್ಣನಿಗೆ ಎರಡು ಮಾತು ಹೇಳಿ. ಬ್ರೆರಾದಲ್ಲಿ ಮೊದಲು ದೂರದಿಂದ ನೋಡಲಿ, ಮೇಷ್ಟ್ರು ಹೇಳಿದ ಪಕ್ಕದ ಅಂಚುಗಳನ್ನು ಹುಡುಕಲಿ. ಆಮೇಲೆ ಹತ್ತಿರ ಹೋಗಿ ಕವಚದ ಮೇಲೆ ಹೊಳೆಯುವ ಕಿಟಕಿಯ ಬೆಳಕು ನೋಡಲಿ. ಚಿತ್ರದಲ್ಲಿ ಎಲ್ಲೂ ಬರೆಯದ ಕಿಟಕಿ ಅದು, ನಾವು ನಿಂತಿರುವ ಕಡೆಯದ್ದು.

ಅಲ್ಲಿಂದ ಹಾಗೇ ನಡೆದುಕೊಂಡು ಸಾಂತಾ ಮರಿಯಾ ಪ್ರೆಸ್ಸೊ ಸಾನ್ ಸಾತಿರೊ ಇಗರ್ಜಿಗೆ ಹೋಗಲಿ. ಅದನ್ನು ಕಟ್ಟಿದ ಬ್ರಮಾಂತೆ ಉರ್ಬಿನೊ ಹತ್ತಿರದ ಊರಿನವನು. ಪೀಠದ ಹಿಂದೆ ಕಮಾನು ಚಾವಣಿಯ ಉದ್ದನೆಯ ಕೋಣೆ ಇದ್ದ ಹಾಗೆ ಕಾಣುತ್ತದೆ. ಪಕ್ಕಕ್ಕೆ ಹೋಗಿ ನೋಡಿದರೆ ಅದರ ಆಳ ಒಂದು ಮೀಟರ್ ಕೂಡ ಇಲ್ಲ. ಪಿಯೆರೊ ಹಲಗೆಯ ಮೇಲೆ ಮಾಡಿದ್ದನ್ನು ಬ್ರಮಾಂತೆ ಗೋಡೆಯಲ್ಲಿ ಮಾಡಿದ್ದಾನೆ. ಬ್ರೆರಾ ಚಿತ್ರದ ಮುಂದೆ ಎಲ್ಲಿ ನಿಲ್ಲಬೇಕು ಅನ್ನುವುದು ಅಲ್ಲಿ ಎರಡು ಹೆಜ್ಜೆ ಆಚೀಚೆ ಇಟ್ಟರೆ ತಾನಾಗಿ ಗೊತ್ತಾಗುತ್ತದೆ.

ಲೆಕ್ಕದಮೇಷ್ಟ್ರು:

ಫೋಟೊ ಕಳಿಸಿದರೆ ಎರಡನ್ನೂ ಗೆರೆ ಎಳೆದು ಇಲ್ಲೇ ಹಾಕುತ್ತೇನೆ. ನೇರ ಮುಂದೆ ನಿಂತು ತೆಗೆಯಲಿ, ಕ್ಯಾಮೆರಾ ಮೇಲಕ್ಕೆ ಎತ್ತದೆ. ಎತ್ತಿದರೆ ಗೆರೆಗಳು ವಾಲಿಬಿಡುತ್ತವೆ.